ಉಜ್ಜಿದರೂ ಹೋಗದ ಕರೆ

ಊರೆಲ್ಲ ಕಲೆ ಎನ್ನುವುದಕ್ಕೆ ಅವರ ಮನೆಯಲ್ಲಿ ಕರೆ ಎನ್ನುತ್ತಿದ್ದರು. ಎಣ್ಣೆ ಕರೆ, ಶಾಯಿ ಕರೆ, ತುಕ್ಕಿನ ಕರೆ. ಮೂರು ತಲೆಮಾರಿನ ಲಾಂಡ್ರಿ ಅಂಗಡಿ, ಮೂರು ತಲೆಮಾರಿನ ಮಾತು. ಎಲ್ಲರ ಬಾಯಲ್ಲೂ ಇಸ್ತ್ರಿಯಕ್ಕ ಆಗಿಹೋಗಿದ್ದ ಆ ಮನೆಯ ಮಗಳಿಗೆ ಬುದ್ಧಿ ಬಂದಾಗಿನಿಂದ ಎರಡೇ ಯೋಚನೆ: ಬಟ್ಟೆಯ ಕರೆ ಹೇಗೆ ಹೋಗುತ್ತದೆ, ದೇವರ ಕರೆ ಯಾವಾಗ ಬರುತ್ತದೆ.

ಎರಡನೆಯದಕ್ಕಾಗಿ ಅವಳು ಹನ್ನೆರಡನೆಯ ವಯಸ್ಸಿನಿಂದ ಕಾದಿದ್ದಳು. ಆ ವರ್ಷ ಚರ್ಚಿಗೆ ಬಂದಿದ್ದ ಮಿಷನರಿ ಡಾಕ್ಟರಮ್ಮನೊಬ್ಬರು, "ಒಂದು ದಿನ ಯಾರೋ ನನ್ನ ಕರೆದ ಹಾಗಾಯ್ತು, ಎದ್ದು ಹೊರಟೆ" ಎಂದುಬಿಟ್ಟರು. ಸರಿ, ಅಂದಿನಿಂದ ಶುರು. ಇಸ್ತ್ರಿಯ ಹಬೆಯೊಳಗೆ ಯಾರೋ ಕರೆದರು ಎಂದು ತಿರುಗಿ ನೋಡುವುದು, ಅಷ್ಟರಲ್ಲಿ ಯಾರದೋ ಅಂಗಿಯ ಕಾಲರು ಸುಟ್ಟು ಕಮಟುವುದು. ಅಪ್ಪ ಬೈದರು, ಗಿರಾಕಿಗಳು ಬೈದರು. ದೇವರು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಹೀಗೇ ಮೂವತ್ತೊಂಬತ್ತು ತುಂಬಿತು. ಆಗ ಚರ್ಚಿನ ಬೋರ್ಡಿನಲ್ಲೊಂದು ನೋಟೀಸು: ಮಿಷನ್ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ನೋಡಬಯಸುವವರಿಗೆ ವಿದೇಶದಲ್ಲಿ ಹದಿನೈದು ದಿನ. ಕೊನೆಗೊಂದು ಫಾರ್ಮು. ಎರಡು ವರ್ಷದ ಕೆಲಸಕ್ಕೆ ಮರಳಿ ಬರುತ್ತೀರಾ? ಹೌದು ಅಥವಾ ಇಲ್ಲ. ನಲವತ್ತು ದಾಟಿದವರಿಗೆ ಅವಕಾಶವಿಲ್ಲ. ಈ ಸಲ ಬಿಟ್ಟರೆ ಇನ್ನೆಂದೂ ಇಲ್ಲ ಎಂದು ಅವಳು ಲೆಕ್ಕ ಹಾಕಿದಳು.

"ಹೋಗಿ ಬಾ ಅಕ್ಕ, ನಿನ್ನ ತಲೇಲಿರೋ ಹುಳ ಒಂದ್ಸಲ ಹೊರಗೆ ಬರ್ಲಿ. ಅಂಗಡಿ ನಾವು ನೋಡ್ಕೋತೀವಿ," ಎಂದ ತಮ್ಮ. ಕಾಲರು ಸುಡುವುದು ಇನ್ನಾದರೂ ನಿಲ್ಲುತ್ತದೆಂಬ ಆಸೆ ಅವನಿಗೆ.

ಸಮುದ್ರ ದಾಟಿ ತಂಡದ ಆರು ಜನ ಇಳಿದ ಊರು ಮಂಜಿನದು. ಬೆಳಗಾದರೂ ಬೀದಿಯ ದೀಪಗಳು ಆರುತ್ತಿರಲಿಲ್ಲ. ಎದುರಿನ ಮನೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಮಿಷನ್ನಿನವರು ನಡೆಸುತ್ತಿದ್ದ ವೃದ್ಧಾಶ್ರಮದ ಉದ್ದನೆಯ ಕಾರಿಡಾರಿನಲ್ಲಿ ನಡೆಯುತ್ತಿದ್ದರೆ ಇಸ್ತ್ರಿಯಕ್ಕನಿಗೆ ತಾನು ಎದ್ದಿದ್ದೇನೋ, ಮಲಗಿದ್ದೇನೋ ತಿಳಿಯುತ್ತಿರಲಿಲ್ಲ.

ತಂಡದ ಮುಖ್ಯಸ್ಥೆ, ರಿಟೈರಾದ ಟೀಚರಮ್ಮ, ಮೊದಲ ದಿನ ಅವಳನ್ನು ಹಾಡಲು ನಿಲ್ಲಿಸಿದರು. ಅವಳ ರಾಗ ಕೇಳಿ ಒಬ್ಬ ತಾತ ಕಿವಿಯ ಮೆಷಿನ್ನು ತೆಗೆದು ಜೇಬಿಗೆ ಹಾಕಿಕೊಂಡ. ಎರಡನೆಯ ದಿನ ಸುಣ್ಣ ಬಳಿಯಲು ಕೊಟ್ಟರು, ಅರ್ಧ ಸುಣ್ಣ ನೆಲದ ಪಾಲಾಯಿತು. ಮೂರನೆಯ ದಿನ ಯಾರೂ ಯಾವ ಕೆಲಸವನ್ನೂ ಕೊಡಲಿಲ್ಲ. ಅದೇ ಹೆಚ್ಚು ನೋಯಿಸಿತು. ಸೋಪಿನ ವಾಸನೆ ಹಿಡಿದು ಅವಳು ಹಿತ್ತಲಿಗೆ ಹೋದಳು.

ಅಲ್ಲಿ ಒಂದು ಒಗೆಯುವ ಕೋಣೆ, ಕುದಿಯುವ ಹಂಡೆ, ಹೊರಗೆ ಮಂಜಿನಲ್ಲಿ ಸಾಲುಸಾಲು ಬಿಳಿ ಬೆಡ್‌ಶೀಟು. ಒಗೆಯುವಾಕೆ ದಪ್ಪನೆಯ ತೋಳಿನ ಹೆಂಗಸು, ವಯಸ್ಸು ಐವತ್ತರ ಮೇಲೆ. ರಕ್ತದ ಕರೆಯಿದ್ದ ಶೀಟೊಂದನ್ನು ಎತ್ತಿ ನೇರ ಕುದಿಯುವ ನೀರಿಗೆ ಹಾಕಲು ಹೊರಟಿದ್ದಳು.

"ಅಯ್ಯಯ್ಯೋ, ಬೇಡ!" ಇಸ್ತ್ರಿಯಕ್ಕ ಹೋಗಿ ಆಕೆಯ ಮಣಿಕಟ್ಟು ಹಿಡಿದಳು.

ರಕ್ತಕ್ಕೆ ಬಿಸಿನೀರು ತಾಗಿತೋ, ಮುಗಿಯಿತು, ಅದು ನೂಲಿನೊಳಗೆ ಮನೆ ಮಾಡಿಕೊಳ್ಳುತ್ತದೆ. ಇದನ್ನು ಹೇಳಲು ಇಬ್ಬರ ನಡುವೆ ಭಾಷೆಯಿಲ್ಲ. ಇಸ್ತ್ರಿಯಕ್ಕ ಶೀಟನ್ನು ತಣ್ಣೀರಿನ ಬಕೆಟ್ಟಿಗೆ ಹಾಕಿ, ಉಪ್ಪು ಹಚ್ಚಿ, ಹೆಬ್ಬೆರಳಲ್ಲಿ ತಿಕ್ಕಿ ತೋರಿಸಿದಳು. ಕೆಂಪು ನೀರಿಗೆ ಇಳಿಯಿತು. "ಕರೆ," ಎಂದಳು ಬೆರಳು ಮಾಡಿ. "ಕರೆ," ಎಂದಳು ಆಕೆಯೂ, ಬಾಯಿ ತುಂಬ. ಆಮೇಲೆ ಶೀಟಿನ ಒಂದು ತುದಿ ಆಕೆಗೆ, ಒಂದು ತುದಿ ಇವಳಿಗೆ. ಆಕೆ ಅತ್ತ ತಿರುಚಿದಳು, ಇವಳು ಇತ್ತ ತಿರುಚಿದಳು. ನೀರೆಲ್ಲ ಇಬ್ಬರ ಕಾಲಿಗೇ ಸುರಿದು ಇಬ್ಬರೂ ನಕ್ಕರು.

ಅಂದಿನಿಂದ ಇಸ್ತ್ರಿಯಕ್ಕ ಅಲ್ಲೇ. ದಿನಗಳು ಹಬೆಯೋ ಮಂಜೋ ತಿಳಿಯದ ಹಾಗೆ ಸರಿದವು. ಆಕೆ "ಅಕ್ಕಾ" ಎನ್ನುವುದನ್ನೂ ಕಲಿತಳು, ಹತ್ತು ಹನ್ನೆರಡು ವರ್ಷ ದೊಡ್ಡವಳಾಗಿದ್ದರೂ. ಒಂದು ಶೀಟು ಮಾತ್ರ ಹಟ ಹಿಡಿದಿತ್ತು. ಎಷ್ಟು ವರ್ಷ ಬೆಂದಿತ್ತೋ, ಅದರ ಕಂದು ಕರೆ ಉಪ್ಪಿಗೂ ನಿಂಬೆಗೂ ಬಿಸಿಲಿಲ್ಲದ ಆ ಆಕಾಶಕ್ಕೂ ಜಗ್ಗಲಿಲ್ಲ.

ಹತ್ತನೆಯ ದಿನ ಸಂಜೆ ತಂಡದವರು ಸುತ್ತ ಕುಳಿತಿದ್ದರು. ತಮಗೆ ದೇವರ ಕರೆ ಬಂತೇ ಎಂದು ಒಬ್ಬೊಬ್ಬರೂ ಹೇಳಬೇಕು. ಗಿಟಾರ್ ಬಾರಿಸುವ ಬ್ಯಾಂಕ್ ಗುಮಾಸ್ತ ತನಗೆ ಕನಸಿನಲ್ಲಿ ಕಂಡದ್ದನ್ನು ಮುಕ್ಕಾಲು ಗಂಟೆ ಹೇಳಿದ. ಇಸ್ತ್ರಿಯಕ್ಕ ಅರೆಗಣ್ಣು ಮುಚ್ಚಿ ಆ ಹಟಮಾರಿ ಶೀಟಿನಲ್ಲೇ ಮುಳುಗಿದ್ದಳು.

"ನಿನ್ನ ಕರೆ ಏನಾಯ್ತಮ್ಮ?" ಟೀಚರಮ್ಮ ಕೇಳಿದರು.

"ತುಂಬ ಹಳೇದು ಟೀಚರಮ್ಮ," ಎಂದಳು ಅವಳು ಅದೇ ಗುಂಗಿನಲ್ಲಿ. "ಒಳಗೆ ಇಳಿದುಬಿಟ್ಟಿದೆ. ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ಲ."

ಗುಮಾಸ್ತ ಗಿಟಾರ್ ಕೆಳಗಿಟ್ಟು ಕಣ್ಣೊರೆಸಿಕೊಂಡ. ಟೀಚರಮ್ಮ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಪ್ರಾರ್ಥನೆಯ ನಡುವೆ ಅವಳಿಗೆ ಎಚ್ಚರವಾಯಿತು. ಅಯ್ಯೋ ದೇವರೇ, ಇವರು ಯಾವ ಕರೆ ಅಂದುಕೊಂಡರು! ನಾಲಿಗೆ ಕಚ್ಚಿಕೊಂಡಳು. ಅತ್ತವರೆಲ್ಲ ಅತ್ತು ಮುಗಿಸಿದ ಮೇಲೆ ಬೆಡ್‌ಶೀಟಿನ ವಿಷಯ ಹೇಳುವುದಾದರೂ ಹೇಗೆ?

ನಾಲ್ಕು ದಿನ ಅವಳಿಗೆ ರಾಜೋಪಚಾರ. ಗುಮಾಸ್ತ ಅವಳ ಕುರ್ಚಿ ಎಳೆದು ಕೊಡುತ್ತಿದ್ದ. ಸುಳ್ಳು ಕರೆ ಹೊತ್ತು ಎರಡು ವರ್ಷ ಬಾಳಬೇಕೇ? ನಿಜ ಹೇಳಿ ಬರಿಗೈಯಲ್ಲಿ ಮನೆಗೆ ಹೋಗಬೇಕೇ?

ಹೊರಡುವ ದಿನ ಬೆಳಿಗ್ಗೆ ಫಾರ್ಮು ಕೈಗೆ ಬಂದಾಗ ತಡೆಯಲಾಗಲಿಲ್ಲ. "ಟೀಚರಮ್ಮ, ಅವತ್ತು ನಾನು ಹೇಳಿದ್ದು ಬೆಡ್‌ಶೀಟ್ ಕರೆ. ನಮ್ಮ ಮನೇಲಿ ಕಲೆಗೆ ಹಾಗೇ ಅನ್ನೋದು."

ಟೀಚರಮ್ಮ ಒಂದು ಗಳಿಗೆ ಪಿಳಿಪಿಳಿ ನೋಡಿದರು. ಆಮೇಲೆ ಕನ್ನಡಕ ಜಾರುವಷ್ಟು ನಕ್ಕರು. ನಕ್ಕು ಮುಗಿದಾಗ ಅವಳ ಮುಖ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಹಾಗಾದ್ರೆ ಇನ್ನೊಂದು ಕರೆ?"

"ಬರ್ಲಿಲ್ಲ. ಇಪ್ಪತ್ತೇಳು ವರ್ಷ ಕಿವಿ ನಿಮಿರಿಸ್ಕೊಂಡು ಕಾದೆ. ಇಲ್ಲಿಗೂ ಬಂದು ಕಾದೆ. ನನ್ನ ಯಾರೂ ಕರೀಲಿಲ್ಲ."

"ನಿಜ ಬರಿ ಮಗಳೇ. ಇಲ್ಲ ಅಂದ್ರೆ ಯಾರೂ ನಿನ್ನ ಹೊಡೆಯಲ್ಲ."

ಅವಳು "ಇಲ್ಲ" ಎಂದು ಶಾಯಿಯ ಪೆನ್ನಿನಲ್ಲಿ ಬರೆದುಕೊಟ್ಟು, ವ್ಯಾನಿನ ಕಿಟಕಿಯ ಪಕ್ಕ ಕುಳಿತಳು. ಒಗೆಯುವಾಕೆಗೆ ಹೋಗಿಬರುತ್ತೇನೆ ಎನ್ನಲೂ ಧೈರ್ಯ ಬಂದಿರಲಿಲ್ಲ. ಮಂಜು ಗಾಜಿಗೆ ಮೆತ್ತಿಕೊಂಡು ವೃದ್ಧಾಶ್ರಮವೇ ಕಾಣುತ್ತಿರಲಿಲ್ಲ. ಡ್ರೈವರು ಎಂಜಿನ್ ಶುರು ಮಾಡಿದ.

ಆಗ ಮಂಜಿನೊಳಗಿಂದ ಒಂದು ದನಿ.

"ಅಕ್ಕಾ!"

ಅವಳು ಅಲುಗಲಿಲ್ಲ. ಎಷ್ಟು ಸಲ ಹೀಗೆ ತಿರುಗಿ ನೋಡಿ ಕಾಲರು ಸುಟ್ಟಿಲ್ಲ!

"ಅಕ್ಕಾ! ಕರೆ! ಕರೆ!"

ಈ ಸಲ ವ್ಯಾನಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಗುಮಾಸ್ತನ ಬಾಯಿ ತೆರೆದದ್ದು ತೆರೆದಂತೇ ಇತ್ತು. ಇಸ್ತ್ರಿಯಕ್ಕ ಬಾಗಿಲು ತಳ್ಳಿ ಇಳಿದು ದನಿ ಬಂದತ್ತ ಓಡಿದಳು. ಒದ್ದೆ ಶೀಟುಗಳು ಮುಖಕ್ಕೆ ತಾಗುತ್ತಿದ್ದವು.

ಒಗೆಯುವಾಕೆ ತಣ್ಣೀರಿನ ಬಕೆಟ್ಟಿನ ಬಳಿ ನಿಂತಿದ್ದಳು. ಹಿಂದೆ ಹಂಡೆ ಕುದಿಯುತ್ತಿತ್ತು, ಆಕೆ ಅತ್ತ ಹೋಗಿರಲಿಲ್ಲ. ರಾತ್ರಿ ಯಾವುದೋ ಅಜ್ಜಿಯ ಮೂಗಿನಿಂದ ಸುರಿದ ರಕ್ತ, ಉಪ್ಪು, ಉಜ್ಜಿ ಉಜ್ಜಿ ಕೆಂಪಾದ ಹೆಬ್ಬೆರಳು. ಶೀಟಿನ ಒಂದು ತುದಿ ಆಕೆಯ ಕೈಯಲ್ಲಿತ್ತು. ಇನ್ನೊಂದು ತುದಿಯನ್ನು ಇವಳತ್ತ ಚಾಚಿ, ಹಿಡಿ ಎಂಬಂತೆ ಕಾದಳು.

ಇಸ್ತ್ರಿಯಕ್ಕ ಹಿಡಿದಳು. ಆಕೆ ಅತ್ತ ತಿರುಚಿದಳು, ಇವಳು ಇತ್ತ. ಹಿಂಡುತ್ತ ಹಿಂಡುತ್ತ ಇವಳಿಗೆ ಅಳು ಉಕ್ಕಿ ಬಂತು, ಆಕೆ ಶೀಟನ್ನು ಇನ್ನೊಂದು ಸುತ್ತು ತಿರುಚಿದಳು.

ವ್ಯಾನಿಗೆ ಮರಳಿದವಳು ನೇರ ಟೀಚರಮ್ಮನ ಮುಂದೆ ಕೈ ಚಾಚಿದಳು. "ಆ ಫಾರ್ಮು ಒಂದ್ಸಲ ಕೊಡಿ."

ಕೈ ಇನ್ನೂ ಒದ್ದೆ. "ಇಲ್ಲ" ಹೊಡೆದುಹಾಕಿ ಪಕ್ಕದಲ್ಲಿ "ಹೌದು" ಬರೆಯುವಷ್ಟರಲ್ಲಿ ಶಾಯಿ ಹರಡಿ ಹಾಳೆ ನೀಲಿಯಾಯಿತು.

"ಅಯ್ಯೋ, ಫಾರ್ಮ್ ಮೇಲೆ ಕರೆ ಆಯ್ತಲ್ಲೇ," ಎಂದರು ಟೀಚರಮ್ಮ.

"ಇರ್ಲಿ ಬಿಡಿ," ಎಂದಳು ಇಸ್ತ್ರಿಯಕ್ಕ. "ಇದನ್ನ ನಾನು ತೆಗೆಯಲ್ಲ."