ಚಂದ್ರಣ್ಣನ ಕೆಂಪು ಬೈರಾಸು

ಬಾಲು ಕಾಲಿಗೆ ಸಿಕ್ಕ ಕೂಡಲೇ ಒದ್ದು ಮೈದಾನದಾಚೆ ಹಾಕಬೇಕು. ಇದು ಚಂದ್ರಣ್ಣನ ಮತ. ಸ್ವಂತ ಗೋಲಿನ ಎದುರು ನಿಂತು ಯೋಚನೆ ಮಾಡುವ ಡಿಫೆಂಡರನನ್ನು ಅವನು ಆಟಗಾರ ಅಂತಲೇ ಒಪ್ಪುತ್ತಿರಲಿಲ್ಲ. ಮುಂಬೈಯಲ್ಲಿ ಹದಿನೈದು ವರ್ಷ ಕ್ಯಾಂಟೀನಿನಲ್ಲಿ ದುಡಿಯುತ್ತ, ಭಾನುವಾರಗಳಲ್ಲಿ ಬಂದರಿನ ಹುಡುಗರ ಜೊತೆ ಆಡಿ, ಎರಡು ಹಲ್ಲು ಕಳೆದುಕೊಂಡು ಕಲಿತ ಪಾಠ ಅದು. ಊರಿಗೆ ಮರಳಿ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿ, ಸಂಜೆ ಹೊತ್ತು ಕೋಟೇಶ್ವರದ ತಂಡಕ್ಕೆ ಕೋಚ್ ಆದ ಮೇಲೂ ಅದನ್ನೇ ಹೇಳಿಕೊಟ್ಟ. ಹುಡುಗರು ತಲೆಯಾಡಿಸಿ ಹಾಗೇ ಒದೆಯುತ್ತಿದ್ದರು. ಎಲ್ಲ ಚೆನ್ನಾಗಿಯೇ ಇತ್ತು, ಬೀಜಾಡಿಯಿಂದ ಪ್ರಥಮ್ ಬರುವ ತನಕ.

ಹದಿನೇಳರ ಹುಡುಗ, ಮೈಯಲ್ಲಿ ಮಾಂಸ ಅಷ್ಟಕ್ಕಷ್ಟೆ. ಬಾಲು ಬಂದರೆ ಅದರ ಮೇಲೆ ಅಂಗಾಲಿಟ್ಟು, ಬಸ್ಸಿಗೆ ಕಾಯುವವನ ಹಾಗೆ ನಿಂತುಬಿಡುತ್ತಿದ್ದ. ಎದುರು ತಂಡದ ಫಾರ್ವರ್ಡ್ ಓಡಿ ಬರುತ್ತಾನೆ, ಹತ್ತು ಮಾರು, ಐದು ಮಾರು, ಎರಡು ಮಾರು. ಇವನು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇನ್ನೇನು ಕಾಲಿಗೆ ಕಾಲು ತಾಗಬೇಕು ಅನ್ನುವಾಗ ಬಾಲು ಆ ಫಾರ್ವರ್ಡಿನ ಪಕ್ಕದಲ್ಲೇ ನುಸುಳಿ ಮೈದಾನದ ನಡುವೆ ನಿಂತವನ ಕಾಲಿಗೆ ಸೇರುತ್ತಿತ್ತು. ಓಡಿ ಬಂದವನು ಓಡಿದ್ದೇ ಬಂತು, ಅವನು ಬಿಟ್ಟು ಬಂದ ಜಾಗವೆಲ್ಲ ಕೋಟೇಶ್ವರದವರಿಗೆ ಖಾಲಿ ಸಿಗುತ್ತಿತ್ತು.

"ಹೊಡಿ ಮಗಾ, ಹೊಡಿ!" ಎಂದು ಚಂದ್ರಣ್ಣ ಗೆರೆಯ ಹೊರಗಿನಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದ. ಆಟ ಮುಗಿದ ಮೇಲೆ ಚೆನ್ನಾಗಿ ಬೈಯುತ್ತಲೂ ಇದ್ದ. ಆದರೆ ಮನೆಗೆ ಹೋಗಿ ಊಟಕ್ಕೆ ಕೂತರೆ ಆ ಪಾಸೇ ಕಣ್ಣ ಮುಂದೆ. ಇಂಥದ್ದೊಂದು ಧೈರ್ಯ ತನ್ನ ಕಾಲಲ್ಲಿ ಒಂದು ದಿನಕ್ಕಾದರೂ ಇದ್ದಿದ್ದರೆ ಅನ್ನಿಸಿ, ಬಡಿಸುತ್ತಿದ್ದ ಹೆಂಡತಿಯ ಎದುರು ಒಬ್ಬನೇ ನಗುತ್ತಿದ್ದ.

ಏಟು ಬಿದ್ದದ್ದು ಕೋಟದ ಮೈದಾನದಲ್ಲಿ. ಬೈಂದೂರಿನ ಮೇಲೆ ಲೀಗ್ ಪಂದ್ಯ, ಮಟಮಟ ಮಧ್ಯಾಹ್ನ, ಒಂದಕ್ಕೊಂದು ಸಮ. ಪ್ರಥಮ್ ಎಂದಿನಂತೆ ಬಾಲಿನ ಮೇಲೆ ಕಾಲಿಟ್ಟು ನಿಂತಿದ್ದ. ಬೈಂದೂರಿನ ಒಂಬತ್ತನೇ ನಂಬರಿನವನು ಇನ್ನೂ ಎಂಟು ಮಾರು ದೂರದಲ್ಲಿದ್ದಾಗಲೇ, ಯಾರೋ ಹಿಂದಿನಿಂದ ದೂಡಿದಂತೆ ಇವನ ಕಾಲು ಹಾರಿತು. ಪಾಸು ನೇರ ಹೋಗಿ ಆ ಒಂಬತ್ತನೇ ನಂಬರಿಗೇ ಸಿಕ್ಕಿತು. ಗೋಲು ಕಾಯುವ ಗೋಲಿ ಸುಜಿತ್ ಬಿದ್ದು ಹೊರಳುವಷ್ಟರಲ್ಲಿ ಬಾಲು ಬಲೆಯೊಳಗೆ.

ಪಂದ್ಯ ಹೋಯಿತು. "ತಪ್ಪಾಯ್ತ್ ಚಂದ್ರಣ್ಣ" ಎಂದ ಪ್ರಥಮ್.

ಹಿಂದಿನ ಗೆಲುವುಗಳ ಬಲದಿಂದ ತಂಡ ಹೇಗೋ ಫೈನಲ್ ಸೇರಿತು. ಬ್ರಹ್ಮಾವರದಲ್ಲಿ, ಬರುವ ಭಾನುವಾರ, ಮತ್ತೆ ಅದೇ ಬೈಂದೂರು. ಆದರೆ ಕ್ಲಬ್ಬಿನ ಅಧ್ಯಕ್ಷ ರತನ್ ಶೆಟ್ರು ಕೆಂಡವಾಗಿದ್ದರು. ಪುಣೆಯಲ್ಲಿ ಎರಡು ಹೋಟೆಲು ನಡೆಸುವ, ತಂಡಕ್ಕೆ ಜರ್ಸಿ ಹೊಲಿಸಿಕೊಟ್ಟ ಮನುಷ್ಯ. "ಆ ಹುಡ್ಗನ್ನ ಕೂರ್ಸಿ ಚಂದ್ರಣ್ಣ. ಗೋಲ್ ಮುಂದೆ ನಿತ್ಕಂಡ್ ಆಟ ಆಡುಕೆ ಅದೆಂತ ಅವ್ನ ಮನೆ ಅಂಗಳವಾ?" ಎಂದರು. ಚಂದ್ರಣ್ಣ ತಲೆಯಾಡಿಸಿದ. ತಾನು ಇಷ್ಟು ಕಾಲ ಹೇಳುತ್ತ ಬಂದದ್ದೂ ಅದನ್ನೇ ಅಲ್ಲವೇ.

ಹುಡುಗನಿಗೆ ಫೋನಿನಲ್ಲಿ ಹೇಳಲು ಮನಸ್ಸು ಬಾರದೆ ಗುರುವಾರ ಬೆಳಿಗ್ಗೆ ಬೀಜಾಡಿಗೇ ಹೋದ. ಕಡಲ ತೀರದಲ್ಲಿ ಪ್ರಥಮನ ಮನೆಯವರು ಕೈರಂಪಣಿ ಬಲೆ ಬಿಟ್ಟಿದ್ದರು. ದೋಣಿಯಲ್ಲಿ ಹೋಗಿ ನೀರಿನಲ್ಲಿ ಬಲೆಯನ್ನು ಕಮಾನಿನಂತೆ ಇಳಿಸಿ, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದು, ತೆಂಕು ಬದಿ ಒಂದು ಗುಂಪು, ಬಡಗು ಬದಿ ಒಂದು ಗುಂಪು ಹಿಡಿದು ನಿಂತಿತ್ತು. ತೆಂಕು ಹಗ್ಗದ ಮುಂದಾಳು ಪ್ರಥಮ್. ಬಚ್ಚ ಎಂಬ ಅವನ ಅಜ್ಜ, ಮಗುಚಿ ಹಾಕಿದ ದೋಣಿಯ ಮೇಲೆ ನಿಂತು ನೀರಿನ ಬಣ್ಣ ನೋಡುತ್ತಿದ್ದ. ಚಂದ್ರಣ್ಣನೂ ಹತ್ತಿ ಪಕ್ಕದಲ್ಲಿ ನಿಂತ.

"ಎಂತ ಅಜ್ಜಾ, ಎಳೂದಿಲ್ಯಾ ಇವ್ರ್?"

"ಮೀನ್ ಒಳ್ಗ್ ಬರ್ಲಿ ಮರಾಯ. ಹೆದ್ರಿ ಎಳದ್ರೆ ನೀರ್ ಮಾತ್ರ ಸಿಕ್ಕೂದ್. ಹತ್ರ ಬಪ್ಪಲ್ಲಿವರೆಗೆ ನಿಲ್ಕ್."

ಅಜ್ಜನ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೆಗಲ ಮೇಲೆ ಬೆವರೊರೆಸುವ ಬೈರಾಸು ಇದ್ದರೂ ಅದನ್ನು ಮುಟ್ಟದೆ ಮೊಣಕೈಯಲ್ಲೇ ಒರೆಸಿಕೊಂಡ. ಚಂದ್ರಣ್ಣ ಅದನ್ನು ನೋಡಿಯೂ ನೋಡಲಿಲ್ಲ. ಅವನಿಗೆ ಮೊದಲೇ ಬೆವರು ಜಾಸ್ತಿ, ಹೆಗಲ ಮೇಲೆ ಕೆಂಪು ಬೈರಾಸು ಇಲ್ಲದೆ ಅವನನ್ನು ಕಂಡವರೇ ಇಲ್ಲ. ಅದನ್ನು ತೆಗೆದು, ತಲೆಯ ಮೇಲೆತ್ತಿ ಎರಡು ಸಲ ಕೊಡವಿ, ಕುತ್ತಿಗೆ ಒರೆಸಿಕೊಂಡ.

ಅಷ್ಟೇ. ತೆಂಕು ಹಗ್ಗ ಒಮ್ಮೆಲೇ ಬಿಗಿಯಿತು. ಪ್ರಥಮ್ ಹಿಂದಕ್ಕೆ ವಾಲಿ ಎಳೆದಿದ್ದ, ಅವನ ಹಿಂದಿನ ಆರು ಮಂದಿಯೂ ಎಳೆದಿದ್ದರು. ಬಡಗಿನವರು ಅಜ್ಜನನ್ನೇ ನೋಡುತ್ತ ಸುಮ್ಮನೆ ನಿಂತಿದ್ದರು. ಬಲೆ ಓರೆಯಾಯಿತು, ಬಾಯಿಗೆ ಬಂದ ಬಂಗುಡೆಯ ಹಿಂಡು ತಿರುಗಿ ಕಡಲಿಗೆ ಹೋಯಿತು. ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರು ಬಾಯಿಗೆ ಬಂದಂತೆ ಬೈಯತೊಡಗಿದರು.

"ಹ್ವಾಯ್, ಬೈರಾಸ್ ಎತ್ತದ್ದ್ ಎಂತಕೆ ನೀವ್?" ಬಚ್ಚಜ್ಜ ತಲೆಗೆ ಕೈಯಿಟ್ಟ. "ಇಲ್ಲಿ ಬೈರಾಸ್ ಎತ್ತಿರೆ ಎಳೂದೇ. ಸಣ್ಣಂದಿನಿಂದ್ಲೇ ಈ ಹುಡ್ಗನಿಗೆ ಅದೇ ಅಭ್ಯಾಸ. ಯಾರ್ ಎತ್ತಿದ್ರ್ ಅಂದ್ ಕಾಂಬುಕ್ ಮುಂಚೆ ಕೈ ಎಳದಿರತ್ತ್."

ಚಂದ್ರಣ್ಣ ತನ್ನ ಕೈಯಲ್ಲಿದ್ದ ಬೈರಾಸನ್ನು ನೋಡಿದ. ಕೋಟದ ಬಿಸಿಲು ನೆನಪಾಯಿತು. ಆ ದಿನ ಅವನು ಪ್ರಥಮನ ಕಣ್ಣಿನ ನೇರಕ್ಕೇ ನಿಂತಿದ್ದ. ಒಂಬತ್ತನೇ ನಂಬರು ಓಡಿ ಬರುವುದನ್ನು ನೋಡಲಾರದೆ ಬೈರಾಸು ತೆಗೆದು ಮೇಲೆತ್ತಿ ಕೊಡವಿದ್ದ, ಮುಖ ಮುಚ್ಚಿಕೊಂಡಿದ್ದ. ಮುಖದಿಂದ ತೆಗೆಯುವಷ್ಟರಲ್ಲಿ ಗೋಲಾಗಿತ್ತು.

ಹಗ್ಗ ಬಿಟ್ಟು ಹತ್ತಿರ ಬಂದ ಹುಡುಗನನ್ನು ಕೇಳಿದ. "ಕೋಟದಗೂ ಇದೇ ಆದ್ದ್, ಅಲ್ದಾ?"

ಪ್ರಥಮ್ ಮರಳು ನೋಡಿದ. "ಹೌದ್ ಚಂದ್ರಣ್ಣ."

"ಹೇಳುಕೆ ಎಂತ ಆಯ್ತ್ ನಿಂಗೆ?"

"ನೀವ್ ಬೇಕಂದೇಳಿ ಎತ್ತದ್ದಲ್ಲ ಅಲ್ದಾ. ಬಾಲ್ ಇದ್ದದ್ದ್ ನನ್ನ ಕಾಲಗೆ."

ಚಂದ್ರಣ್ಣನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಮುಂಬೈಯಲ್ಲಿ ತಾನು ಬಿಟ್ಟ ಗೋಲುಗಳಿಗೆಲ್ಲ ಗೋಲಿಯನ್ನೋ ರೆಫ್ರಿಯನ್ನೋ ಬೈದವನು ಅವನು. ಈ ಹುಡುಗ ಊರವರ ಮಾತು, ಶೆಟ್ರ ಮಾತು, ಚಂದ್ರಣ್ಣನ ಮಾತು ಎಲ್ಲ ಕೇಳಿಸಿಕೊಂಡು ಬಾಯಿ ಮುಚ್ಚಿ ನಿಂತಿದ್ದ, ಫಾರ್ವರ್ಡ್ ಎದುರು ನಿಲ್ಲುವ ಹಾಗೆಯೇ. ಎಂಥ ಹುಡುಗ! ಹೇಳಲು ಬಂದದ್ದನ್ನು ಹೇಳದೆ, "ಭಾನುವಾರ ಬೇಗ ಬಾ" ಎಂದಷ್ಟೇ ಹೇಳಿ ಬೈಕು ಹತ್ತಿದ.

ಭಾನುವಾರ ಬ್ರಹ್ಮಾವರದ ಮೈದಾನದಲ್ಲಿ ಆಡುವವರ ಪಟ್ಟಿ ನೋಡಿ ರತನ್ ಶೆಟ್ರ ಹುಬ್ಬು ಮೇಲೆ ಹೋಯಿತು. ಚಂದ್ರಣ್ಣ ಎಲ್ಲರೆದುರೇ ಹೇಳಿದ. "ಕೋಟದ ಗೋಲ್ ನನ್ನಿಂದ ಆದ್ದ್ ಶೆಟ್ರೇ, ಹುಡ್ಗಂದಲ್ಲ." ಬೈರಾಸಿನ ಕತೆಯನ್ನೂ ಹೇಳಿದ. ಶೆಟ್ರು ನಂಬದೆ ನಕ್ಕರು. "ಇವತ್ತ್ ತಪ್ಪಿರೆ ಎಂತ ಮಾಡ್ತ್ರಿ?"

"ಇವತ್ತ್ ತಪ್ಪಿರೆ ನಾಳೆಯಿಂದ ನಾನ್ ಮೈದಾನಕ್ಕೆ ಬಪ್ಪುದಿಲ್ಲ. ಆದ್ರೆ ಅವ ಆಡ್ಕೇ."

ಶೆಟ್ರು ಗೊಣಗುತ್ತ ಅವನ ಪಕ್ಕದ ಕುರ್ಚಿಯಲ್ಲೇ ಕೂತರು. ಆಗ ಅವರಿಗೆ ಕಂಡಿತು, ಚಂದ್ರಣ್ಣನ ಹೆಗಲು ಬರಿದು. ಬೈರಾಸನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ.

ಬೈಂದೂರಿನವರು ಕೋಟದ ಪಂದ್ಯ ಮರೆತಿರಲಿಲ್ಲ. ಬಾಲು ಪ್ರಥಮನ ಕಾಲಿಗೆ ಬಂದಾಗೆಲ್ಲ ಇಬ್ಬಿಬ್ಬರು ಮೈಮೇಲೆ ಬಿದ್ದರು. ಅವನು ನಿಂತ. ಪ್ರತಿ ಸಲವೂ ನಿಂತ. ಜನ "ಹೊಡಿ, ಹೊಡಿ" ಎಂದು ಬೊಬ್ಬೆ ಹೊಡೆದರೂ ಇವನಿಗೆ ಅದು ದೂರದ ಕಡಲ ಸದ್ದು. ಚಂದ್ರಣ್ಣನಿಗೂ "ಹೊಡಿ" ಅನ್ನುವುದು ನಾಲಿಗೆ ತುದಿಗೆ ಬಂದು ಬಂದು ಹೋಗುತ್ತಿತ್ತು. ಕೈ ಎಲ್ಲಿ ಮೇಲೇಳುತ್ತದೋ ಎಂದು ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತಿದ್ದ. ಬೆವರು ರೆಪ್ಪೆ ದಾಟಿ ಕಣ್ಣಿಗೆ ಇಳಿದು ಉರಿಯುತ್ತಿತ್ತು.

ಐದು ನಿಮಿಷ ಉಳಿದಿತ್ತು, ಗೋಲಿಲ್ಲ. ಸುಜಿತ್ ಬಾಲನ್ನು ಪ್ರಥಮನಿಗೆ ಉರುಳಿಸಿದ. ಗೋಲಿನ ಬಾಯಿ, ಹಿಂದೆ ಸುಜಿತ್ ಒಬ್ಬನೇ. ಒಂಬತ್ತನೇ ನಂಬರು ಎಡದಿಂದ, ಇನ್ನೊಬ್ಬ ಬಲದಿಂದ, ಮೂರನೆಯವನು ನೇರಕ್ಕೇ ನುಗ್ಗಿದರು. ಮೂವರು! ಪ್ರಥಮ್ ಅಂಗಾಲಿನಡಿ ಬಾಲು ಇಟ್ಟುಕೊಂಡು ತಲೆಯೆತ್ತಿದ. ಒಂದು ಕ್ಷಣ ಅವನ ಕಣ್ಣು ಗೆರೆಯಾಚೆ, ಚಂದ್ರಣ್ಣ ಕೂತಲ್ಲಿಗೆ ಬಂತು. ಚಂದ್ರಣ್ಣ ಉಸಿರು ಬಿಗಿಹಿಡಿದು, ಕೈಗಳನ್ನು ಒತ್ತಿ, ಕಲ್ಲಿನ ಹಾಗೆ ಕೂತ. ಬರಲಿ ಮಗಾ, ಒಳಗೆ ಬರಲಿ, ಇನ್ನೂ ಹತ್ತಿರ ಬರಲಿ.

ಮೂವರ ಉಸಿರೂ ತಾಗುವಷ್ಟು ಹತ್ತಿರ ಬಂದಾಗ ಆ ಸಪೂರ ಕಾಲು ಸರಿಯಿತು. ಒಂಬತ್ತನೇ ನಂಬರಿನವನ ಎರಡು ಕಾಲುಗಳ ನಡುವಿನಿಂದ ಬಾಲು ಹೊರಟಿತು. ಮುಂದೆ ಅರ್ಧ ಮೈದಾನ ಖಾಲಿ. ಅಲ್ಲಿಂದ ಮೂರೇ ಪಾಸು.

ಗೋಲಾದದ್ದನ್ನು ಚಂದ್ರಣ್ಣ ನೋಡಲೇ ಇಲ್ಲ. ಕಣ್ಣೊಳಗೆ ಬೆವರು ತುಂಬಿತ್ತು, ಬೆವರೊಂದೇ ಅಲ್ಲ. ಸುತ್ತಲೂ ಎದ್ದ ಬೊಬ್ಬೆಯಿಂದಲೇ ತಿಳಿಯಿತು. ರತನ್ ಶೆಟ್ರು ಕುರ್ಚಿ ಬೀಳಿಸಿ ಎದ್ದು ಕುಣಿದರು, ಆಮೇಲೆ ಅವನ ಅವಸ್ಥೆ ನೋಡಿ ಜೇಬಿನಿಂದ ಇಸ್ತ್ರಿ ಮಾಡಿದ ಕರ್ಚೀಫು ತೆಗೆದು ಚಾಚಿದರು.

"ಒರ್ಸ್ಕಣಿ ಚಂದ್ರಣ್ಣ."

"ಬೇಡ ಶೆಟ್ರೇ, ಒಳ್ಗ್ ಹಾಕಿ ಅದನ್ನ. ಇನ್ನೂ ಮೂರ್ ನಿಮಿಷ ಇತ್ತ್, ಅದ್ ಅವನ ಕಣ್ಣಿಗ್ ಬೀಳತ್ತ್."

ಶೆಟ್ರು ಮೈದಾನದ ಕಡೆ ನೋಡಿದರು. ಬಾಲು ಮತ್ತೆ ಪ್ರಥಮನ ಕಾಲ ಕೆಳಗಿತ್ತು. ಅವರು ಕರ್ಚೀಫನ್ನು ಮುಷ್ಟಿಯಲ್ಲಿ ಮುದುಡಿ ಜೇಬಿಗೆ ತುರುಕಿದರು, ಬಿದ್ದ ಕುರ್ಚಿಯನ್ನು ಎತ್ತಿಟ್ಟುಕೊಂಡು ಎರಡೂ ಕೈಗಳ ಮೇಲೆ ಕೂತರು.