ಮಾಳಿಗೆ ಮೇಲಿನ ಮೆಣಸಿನಕಾಯಿ

ವರ್ಷದ ಚಟ್ನಿಗೆಂದು ತಂದ ಹತ್ತು ಕಿಲೋ ಮೆಣಸಿನಕಾಯಿ ಮಾಳಿಗೆ ತುಂಬ ಕೆಂಪಗೆ ಒಣಗುತ್ತ ಬಿದ್ದಿತ್ತು. ಮೇ ತಿಂಗಳ ಮಧ್ಯಾಹ್ನ. ಇಚಲಕರಂಜಿಯ ಕಾಲೇಜಿಗೆ ರಜೆ ಬಿಟ್ಟ ದಿನವೇ ಪೂನಮ ಗಡಹಿಂಗ್ಲಜದ ಹೊರಗಿರುವ ಸೋದರತ್ತೆ ಗೌರವ್ವನ ಹೊಲದ ಮನೆಗೆ ಬಂದಿಳಿದಿದ್ದಳು. ಅತ್ತೆಯ ಚಟ್ನಿ ಇಲ್ಲದಿದ್ದರೆ ಅವಳಿಗೆ ಹಾಸ್ಟೆಲಿನ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಮೊಬೈಲು ಗುಂಯ್ ಎಂದಿತು. ಸಿಡಿಲಿನ ಎಚ್ಚರಿಕೆ, ಒಳಗೇ ಇರಿ ಎಂಬ ಮೆಸೇಜು. ಪೂನಮ ಕಿಟಕಿಯಾಚೆ ನೋಡಿದಳು. ಬಿಸಿಲು ಸುಡುತ್ತಿತ್ತು. ಮೆಸೇಜನ್ನು ಬೆರಳಿನಿಂದ ಅತ್ತ ಸರಿಸಿ ಮತ್ತೆ ರೀಲ್ಸ್‌ಗೆ ಮರಳಿದಳು.

ಅರ್ಧ ತಾಸಿಗೆಲ್ಲ ದೂರದಲ್ಲಿ ಗುಡುಗು ಉರುಳಿತು.

"ಏ ಪೂನಿ, ಆ ಮೊಬೈಲ ಒಲಿಯಾಗ ಹಾಕ! ಮೆಣಸಿನಕಾಯಿ ಬಳಕೊಳ್ಳಾಕ ಬಾ," ಎನ್ನುತ್ತ ಗೌರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು.

"ಅತ್ತಿ, ಮಳಿ ಇನ್ನೂ ಸಂಕೇಶ್ವರದಾಗ ಐತಿ. ನಡಕೋತ ಬರಬೇಕ."

"ನಿನ್ನಂಗ ಮೊಬೈಲ ನೋಡಕೋತ ಬರೂದಿಲ್ಲ ಅದು. ಏಳ!"

ಪೂನಮ ಕಡೆಯ ಮೆಟ್ಟಿಲಿಗೆ ಬಂದಿದ್ದಳಷ್ಟೆ. ಎಲ್ಲವೂ ಬೆಳ್ಳಗಾಯಿತು. ಸಪ್ಪಳ ಕಿವಿಗೆ ಬರಲೇ ಇಲ್ಲ, ಎದೆಗೆ ಯಾರೋ ಗುದ್ದಿದಂತಾಯಿತು. ಕಣ್ಣು ಬಿಟ್ಟರೆ ಗೋಡೆಗೆ ತಾಗಿ ಬೆಳೆದ ತೆಂಗಿನ ಮರದ ಸುಳಿ ಉರಿಯುತ್ತಿತ್ತು. ಗೌರವ್ವ ಮೆಣಸಿನಕಾಯಿಯ ನಡುವೆ ಅಂಗಾತ ಬಿದ್ದಿದ್ದಳು. ಅವಳ ಸ್ಟೀಲಿನ ಬುಟ್ಟಿ ಮಾತ್ರ ಇನ್ನೂ ಉರುಳುತ್ತಿತ್ತು.

ಅತ್ತೆಯ ಗಂಡ ಸಿದ್ಧಲಿಂಗ ಓಡಿ ಬಂದ. ಅವನ ಹಿಂದೆಯೇ ಪಕ್ಕದ ಮನೆಯ ನಾಗೂಬಾಯಿ.

"ಮುಟ್ಟಬ್ಯಾಡ್ರಿ!" ನಾಗೂಬಾಯಿ ಚೀರಿದಳು. "ಸಿಡ್ಲ ಇನ್ನೂ ಆಕಿ ಮೈಯಾಗ ಐತಿ, ಮುಟ್ಟಿದವ್ರನ್ನೂ ಒಯ್ತೈತಿ! ತಿಪ್ಪ್ಯಾಗ ಕುತ್ತಿಗಿ ಮಟ ಹುಗೀಬೇಕ. ಸಗಣಿ ಎಲ್ಲಾ ಎಳಕೋತೈತಿ!"

ಮುಂದೆ ಚಾಚಿದ ಕೈಯನ್ನು ಸಿದ್ಧಲಿಂಗ ಕಾದ ಹಂಚಿನಿಂದ ಎಂಬಂತೆ ಹಿಂದೆಳೆದುಕೊಂಡ. "ತಿಪ್ಪಿ... ತಿಪ್ಪಿ ತೋಡ್ತೇನಿ," ಎಂದು ಮೆಟ್ಟಿಲಿನತ್ತ ತಿರುಗಿದ.

ಪೂನಮಳಿಗೆ ಕಾಲೇಜಿನ ಪ್ರಥಮ ಚಿಕಿತ್ಸೆ ಶಿಬಿರದ ಪ್ಲಾಸ್ಟಿಕ್ ಗೊಂಬೆ ನೆನಪಾಯಿತು. ಅದರ ಎದೆ ಒತ್ತುವಾಗ ಗೆಳತಿ ಸೋನಲ, "ನಿನ್ನ ನವರಾ ಎದ್ದನೇನ ನೋಡ," ಎಂದು ಗೊಂಬೆಯನ್ನೇ ಅವಳ ಗಂಡನನ್ನಾಗಿ ಮಾಡಿ ಕಾಡಿಸಿದ್ದಳು. ಆ ವಿಡಿಯೋವನ್ನು ಪೂನಮ ನೂರು ಸಲ ನೋಡಿ ನಕ್ಕಿದ್ದಾಳೆ. ಅದರಲ್ಲಿ ಹಿಂದಿನಿಂದ ಸರ್ ಕೂಗುತ್ತಿದ್ದರು: "ಸಿಡ್ಲ ಬಡದವ್ರ ಮೈಯಾಗ ಕರೆಂಟ ಉಳಿಯೂದಿಲ್ಲ. ಅಂಜಬ್ಯಾಡ್ರಿ, ಒತ್ರಿ!"

ಅವಳು ಬಗ್ಗಿ ಓಡಿ ಅತ್ತೆಯ ರಟ್ಟೆಗೆ ಕೈ ಹಾಕಿದಳು. ನಾಗೂಬಾಯಿ ಕಣ್ಣು ಮುಚ್ಚಿಕೊಂಡಳು.

"ಮಾಮಾ, ನೋಡ್ರಿ, ನನಗೇನೂ ಆಗಲಿಲ್ಲ! ಕಾಲ ಹಿಡೀರಿ!"

ಸಿದ್ಧಲಿಂಗ ತಿರುಗಿ ಬಂದ. ಇಬ್ಬರೂ ಎಳೆದು ಮೆಟ್ಟಿಲ ಕೋಣೆಯೊಳಗೆ ತಂದರು. ಅತ್ತೆಗೆ ಉಸಿರಿರಲಿಲ್ಲ. ಪೂನಮ ಎರಡೂ ಅಂಗೈ ಜೋಡಿಸಿ ಎದೆಯ ನಡುವೆ ಒತ್ತತೊಡಗಿದಳು. ಏಕ, ದೋನ, ತೀನ, ಚಾರ. ವಿಡಿಯೋದಲ್ಲಿ ಮರಾಠಿಯಲ್ಲಿ ಎಣಿಸಿದ್ದಳು, ಈಗಲೂ ಬಾಯಿಗೆ ಅದೇ ಬಂತು.

"ಮಾವಶಿ, ಅಂಬ್ಯುಲನ್ಸಿಗೆ ಫೋನ ಹಚ್ಚ್ರಿ!" ಎಂದು ನಾಗೂಬಾಯಿಗೆ ಕೂಗಿದಳು.

ಮಳೆ ಸುರಿಯಿತು. ಮೆಣಸಿನಕಾಯಿ ತೇಲಿಕೊಂಡು ಕೆಳಗಿಳಿಯಿತು. ಪೂನಮಳ ತೋಳು ಸೋತವು, ಕಣ್ಣು ಖಾರಕ್ಕೆ ಉರಿದವು, ಎಣಿಕೆ ಎಲ್ಲಿಗೋ ತಪ್ಪಿತು. ಒತ್ತುವುದನ್ನು ಮಾತ್ರ ಬಿಡಲಿಲ್ಲ. ಆಗ ಗೌರವ್ವ ದೊಡ್ಡದಾಗಿ ಕೆಮ್ಮಿದಳು.

ಮರುದಿನ ದವಾಖಾನೆಯಲ್ಲಿ ಡಾಕ್ಟರು, ಜೀವಕ್ಕೆ ಭಯವಿಲ್ಲ, ಒಂದು ಕಿವಿಗೆ ಮಾತ್ರ ಕೇಳಿಸುವುದು ಕಷ್ಟ ಎಂದರು. ಸಿದ್ಧಲಿಂಗ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಿದ್ದ.

"ಮೂವತ್ತ ವರ್ಷ ಸಂಸಾರ ಮಾಡೇನಿ, ಪೂನಿ. ಮುಟ್ಟಾಕ ಅಂಜಿದೆನಲ್ಲ. ತಿಪ್ಪ್ಯಾಗ ಹುಗಿಯಾಂವ ಇದ್ದೆ ಆಕಿನ್ನ."

"ಏನಂತಾನ ಅಂವಾ?" ಗೌರವ್ವ ಒಳ್ಳೆಯ ಕಿವಿಯನ್ನು ಹೊರಳಿಸಿದಳು. "ಮೆಣಸಿನಕಾಯಿ ಬಳಕೊಂಡ್ರಿಲ್ಲೊ?"

ನಗಬೇಕೆಂದು ಪೂನಮ ಬಾಯಿ ತೆರೆದಳು. ಹೊರಗೆ ಗುಡುಗು ಉರುಳಿತು. ಎದುರು ಮನೆಯ ಮಾಳಿಗೆಗೆ ಒಬ್ಬ ಹೆಂಗಸು ಒಣಹಾಕಿದ ಹಪ್ಪಳ ತೆಗೆಯಲು ಓಡಿ ಬಂದಳು. ಪೂನಮ ಕಿಟಕಿಯ ಸರಳು ಹಿಡಿದು ಗಂಟಲು ಹರಿಯುವಂತೆ ಕೂಗಿದಳು:

"ಬಾಯಾರ! ಅದನ್ನ ಬಿಟ್ಟ ಕೆಳಗ ಇಳೀರಿ! ಮೊದಲ ಇಳೀರಿ!"

ಹೆಂಗಸು ಗಾಬರಿಯಾಗಿ ಇತ್ತ ನೋಡಿದಳು. ಕೈಯಲ್ಲಿದ್ದ ಹಪ್ಪಳ ಅಲ್ಲೇ ಬಿಟ್ಟು ಒಳಗೆ ಓಡಿದಳು. ಪೂನಮಳ ಕೈ ಬಹಳ ಹೊತ್ತು ಸರಳು ಬಿಡಲಿಲ್ಲ. ಆಮೇಲೆ ಸರಳು ಕಬ್ಬಿಣದ್ದು, ಸಿಡಿಲು ಅದರಲ್ಲೂ ಹರಿಯುತ್ತದೆ ಎಂದು ಹೊಳೆದು ಥಟ್ಟನೆ ಹಿಂದೆ ಸರಿದಳು.