ಸೊಸೆಯ ಅರ್ಧ ಪುಟ

ತಪ್ಪು ಮಾಡದೆ ಕ್ಷಮೆ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ತಲೆ ಹಣ್ಣು ಮಾಡಿಕೊಂಡವಳು ನಾನು. ನೋಟೀಸುಗಳನ್ನೂ ಅವಕ್ಕೆ ಬಂದ ಉತ್ತರಗಳನ್ನೂ ರಾಶಿಗಟ್ಟಲೆ ಟೈಪು ಮಾಡಿದ್ದೇನೆ. ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡು, ಅದರ ತುದಿಯನ್ನು ಸಾಹೇಬರ ಕೈಗೆ ಕೊಟ್ಟು, ದಯಮಾಡಿ ಮೆಲ್ಲಗೆ ಎಳೆಯಿರಿ ಎಂದು ಬೇಡಿಕೊಂಡವರು ಎಷ್ಟು ಜನವೋ ಲೆಕ್ಕವಿಲ್ಲ. ನಿವೃತ್ತಿಯಾದ ಮೇಲಾದರೂ ಈ ಕಾಟ ತಪ್ಪಿತು ಎಂದುಕೊಂಡಿದ್ದೆ. ನನ್ನ ಮಗರಾಯ ಅಂಥವಳನ್ನೇ ಹುಡುಕಿ ಮದುವೆಯಾಗಿ ಮನೆಗೆ ಕರೆತಂದ.

ಸೊಸೆಗೆ ಸಾರ್ವಜನಿಕ ಈಜುಕೊಳದಲ್ಲಿ ಕೆಲಸ. ಬೆಳಿಗ್ಗೆ ಗೇಟು ತೆರೆಯುವ ಮೊದಲು ನೀರು ಪರೀಕ್ಷೆ ಮಾಡಿ, ಕ್ಲೋರಿನ್ ಹೆಚ್ಚಾಗಿದೆಯೋ ಕಡಿಮೆಯೋ ನೋಡಿ, ಜನರನ್ನು ಒಳಗೆ ಬಿಡಬಹುದು ಎಂದು ಹೇಳಬೇಕಾದವಳು ಅವಳೇ. ಕೆಲಸದಲ್ಲಿ ಚುರುಕು, ಬಾಯಿಯೂ ಸಾಕಷ್ಟಿದೆ. ಪೆನ್ನು ಕೈಗೆ ಕೊಟ್ಟರೆ ಮಾತ್ರ ಜ್ವರ ಬಂದವಳಂತೆ ಮುದುಡಿಕೊಳ್ಳುತ್ತಿದ್ದಳು.

ಅವಳೊಬ್ಬಳದೇ ಅಲ್ಲ, ಕೊಳದ ಕಚೇರಿಯ ರೋಗವೇ ಅದು. ಅಲ್ಲಿನ ಹೆಡ್ ಕ್ಲಾರ್ಕ್‌ಗೆ ಎಲ್ಲರೂ ಒಕ್ಕಣೆ ಎಂದೇ ಹೆಸರಿಟ್ಟಿದ್ದರು. ಯಾರಿಗೆ ಯಾವ ನೋಟೀಸು ಬಂದರೂ ಉತ್ತರ ಬರೆದುಕೊಡುತ್ತಿದ್ದುದು ಆತನೇ. ಎಲ್ಲ ಉತ್ತರಗಳ ಮೊದಲ ಸಾಲೂ ಒಂದೇ: "ನನ್ನ ಅಚಾತುರ್ಯದಿಂದ ಸಂಭವಿಸಿರುವ ಪ್ರಮಾದವನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕಾಗಿ ವಿನಮ್ರ ಪ್ರಾರ್ಥನೆ." ಮೇಲಿನವರ ಸಿಟ್ಟು ಇಳಿಯಲಿ ಎಂದು ಇದೊಂದು ಮರ್ಯಾದೆಯ ಮಾತಂತೆ. ಬಿರುಗಾಳಿಗೆ ಮರ ಬಿದ್ದಾಗ ತೋಟದ ಮಾಲಿ ಕೂಡ ತನ್ನ ಅಚಾತುರ್ಯದಿಂದಲೇ ಮರ ಬಿದ್ದಿತೆಂದು ಬರೆದುಕೊಟ್ಟಿದ್ದನಂತೆ. ಗಾಳಿಯೂ ಅವನ ಕೈಕೆಳಗೆ ಕೆಲಸಕ್ಕಿತ್ತೇನೋ.

ಒಂದು ಸಲ ಕೊಳದ ಪಂಪು ಸುಟ್ಟುಹೋಯಿತು. ಕರೆಂಟು ಏರುಪೇರಾಗಿ ಆದದ್ದು, ಇವಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನೋಟೀಸು ಬಂತು. ಒಕ್ಕಣೆ ಬರೆದುಕೊಟ್ಟ ಉತ್ತರಕ್ಕೆ ಇವಳು ಕಣ್ಣು ಮುಚ್ಚಿ ಸಹಿ ಹಾಕಿದಳು. ಮೇಲಿನವರು ಅದನ್ನು ಓದಿದರು. ತಪ್ಪು ಒಪ್ಪಿಕೊಂಡಿದ್ದಾಳಲ್ಲ, ಸರಿ ಎಂದು ಆ ವರ್ಷದ ಬಡ್ತಿ ತಡೆಹಿಡಿದರು. ಅಂದು ಸಂಜೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅತ್ತಳು. ನನಗೆ ಕನಿಕರ ಬರಲಿಲ್ಲ, ಕೆಂಡದಂಥ ಕೋಪ ಬಂತು.

"ನೀನೇ ಯಾಕೆ ಬರೆಯಲಿಲ್ಲ?" ಎಂದು ಕೇಳಿದೆ.

"ಭಯ ಆಗುತ್ತೆ ಅತ್ತೆ. ಮಾತಾದ್ರೆ ಆಡಿದ್ಮೇಲೆ ಹೋಯ್ತು. ಬರೆದದ್ದು ಅಲ್ಲೇ ಇರುತ್ತಲ್ಲ, ನಾಳೆ ಯಾರಾದ್ರೂ ತೆಗೆದು ನೋಡಿ ನಗ್ತಾರೆ."

ಈಗ ನೋಡಿ ನಗುತ್ತಿರುವುದು ಸಾಲದೇ ಎಂದೆ. ಮರುದಿನದಿಂದ ನನ್ನ ಕಾನೂನು ಜಾರಿಗೆ ಬಂತು. ಕೆಲಸದಿಂದ ಬಂದು ಕೈಕಾಲು ತೊಳೆದ ಕೂಡಲೇ ಊಟದ ಮೇಜಿನ ಮುಂದೆ ಕೂತು, ಆ ದಿನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಅರ್ಧ ಪುಟ ಬರೆಯಬೇಕು. ಬರೆದು ಗಟ್ಟಿಯಾಗಿ ಓದಬೇಕು. ಅದಾಗುವ ತನಕ ನನ್ನ ಕೈಯ ಕಾಫಿ ಇಲ್ಲ. ನಾನೇನು ಬರೆಯುವವಳಲ್ಲ. ಆದರೆ ಟೈಪು ಕಲಿಯುವಾಗ ಒಂದೇ ಸಾಲನ್ನು ದಿನವೂ ಕುಟ್ಟಿ ಕುಟ್ಟಿ ಬೆರಳಿಗೆ ಬುದ್ಧಿ ಬಂದದ್ದು ನೆನಪಿತ್ತು. ಬೆರಳಿಗೆ ಬರುವ ಬುದ್ಧಿ ತಲೆಗೆ ಬಾರದೆ ಇರುತ್ತದೆಯೇ?

ಮೊದಲ ದಿನ ಅವಳು ಪೆನ್ನು ಕಚ್ಚಿದಳು, ಹಾಳೆ ಸರಿಮಾಡಿದಳು, ಫ್ಯಾನು ಜೋರಾಯಿತೆಂದು ಎದ್ದು ಕಡಿಮೆ ಮಾಡಿದಳು, ಸೆಕೆಯೆಂದು ಮತ್ತೆ ಹೆಚ್ಚು ಮಾಡಿದಳು. ಕೊನೆಗೆ ಹುಟ್ಟಿದ್ದು ಒಂದೇ ಸಾಲು: "ಇಂದು ಎಲ್ಲವೂ ಎಂದಿನಂತೆ ಸುಗಮವಾಗಿ ನಡೆಯಿತು."

"ಹಾಗಾದ್ರೆ ನೀನು ಅಲ್ಲಿಗೆ ಹೋಗಿದ್ದು ಯಾಕೆ ತಾಯಿ?" ಎಂದೆ.

ಮರುದಿನ ಕೊಳದ ನೀರು ನೀಲಮಣಿಯಂತೆ ಕಂಗೊಳಿಸಿತು. ಅದರ ಮರುದಿನ ಬಾನಿನಲ್ಲಿ ಸೂರ್ಯನು ಮೂಡಿದನು. ಸೂರ್ಯ ಮೂಡಿದ್ದು ಇಡೀ ಊರಿಗೆ ಗೊತ್ತು, ನಿನಗೊಬ್ಬಳಿಗೇ ಗೊತ್ತಿರೋದು ಏನಾದರೂ ಇದ್ದರೆ ಬರೆ ಎಂದು ಹಾಳೆ ಹಿಂದಕ್ಕೆ ತಳ್ಳಿದೆ. ನನ್ನ ಮಗ ಇದನ್ನೆಲ್ಲ ಸೋಫಾದಲ್ಲಿ ಬಿದ್ದುಕೊಂಡು ನೋಡಿ ಹಲ್ಲು ಕಿರಿಯುತ್ತಿದ್ದ. ವಿಮೆ ಮಾರುವ ಈ ಮಹಾಶಯನ ಬರವಣಿಗೆಯೆಂದರೆ ಯಾರೋ ಕಳಿಸಿದ ಶುಭೋದಯವನ್ನು ಇನ್ಯಾರಿಗೋ ದಾಟಿಸುವುದು. ಮದುವೆಯಾದ ಹೆಂಗಸಿಗೆ ಕಾಪಿ ರೈಟಿಂಗ್ ಹಾಕಿದ ಅತ್ತೆ ಪ್ರಪಂಚದಲ್ಲಿ ನೀನೊಬ್ಬಳೇ ಎಂದ. ಅವನ ನಗುವಿಗೆ ಹೆದರಿ ಅವಳು ಒಂದಷ್ಟು ದಿನ ನಿಲ್ಲಿಸಿಯೇಬಿಟ್ಟಳು. ನಾನು ಕಾಫಿ ನಿಲ್ಲಿಸಿದೆ, ಅವನಿಗೂ ಸೇರಿಸಿ. ಅವನೇ ಹಾಳೆ ಪೆನ್ನು ತಂದು ಹೆಂಡತಿಯ ಮುಂದಿಟ್ಟ.

ನಾನು ಏನೇನೋ ಕಲಿಸಿದೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಬೈದದ್ದಷ್ಟೇ. ಬಹುಶಃ ಎಂದು ಬರೆದರೆ, ನೋಡಿದ್ದೀಯೋ ಇಲ್ಲವೋ ಅಷ್ಟು ಹೇಳು ಎನ್ನುತ್ತಿದ್ದೆ. ಓದುವ ಮೊದಲು 'ಚೆನ್ನಾಗಿ ಬಂದಿಲ್ಲ ಅತ್ತೆ' ಎಂದು ಪೀಠಿಕೆ ಹಾಕಿದರೆ, ಆ ತೀರ್ಮಾನ ನನಗೆ ಬಿಡು, ನೀನು ಓದು ಎನ್ನುತ್ತಿದ್ದೆ. ಬೈಸಿಕೊಳ್ಳುತ್ತಾ ಬೈಸಿಕೊಳ್ಳುತ್ತಾ ಅವಳಿಗೆ ನನ್ನ ಬೈಗುಳವೂ ಹಳತಾಯಿತು, ಬರೆಯುವ ಹೆದರಿಕೆಯೂ ಹಳತಾಯಿತು. ಚಳಿ ಹೋಗಿ ಬೇಸಿಗೆ ಬರುವ ಹೊತ್ತಿಗೆ ಒಂದು ಸಂಜೆ ಅವಳು ಪೀಠಿಕೆಯಿಲ್ಲದೆ ಹೀಗೆ ಓದಿದಳು:

"ಹೊಸದಾಗಿ ಸೇರಿದ ಹೆಂಗಸೊಬ್ಬರು ಕೊಳದ ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ನೀರಿಗಿಟ್ಟು ತೆಗೆದರು. ಮತ್ತೆ ಇಟ್ಟು ಮತ್ತೆ ತೆಗೆದರು. ಟವೆಲ್ಲು ಸರಿಯಾಗಿದೆಯೇ ಎಂದು ನೋಡಿ ಬರಲು ಹೋದರು. ಬಂದು, ಯಾರೂ ತಮ್ಮನ್ನು ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಮೂಗು ಹಿಡಿದುಕೊಂಡು ಇಳಿದರು. ನೀರು ಸೊಂಟದವರೆಗೆ ಮಾತ್ರ ಇತ್ತು."

ಇನ್ನೊಂದು ಸಲ ಓದು ಎಂದೆ. ನನ್ನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಗಂಡನಿಗೂ ಸಿಕ್ಕಿರಲಿಲ್ಲ.

ಆ ಬೇಸಿಗೆಯಲ್ಲೇ ಅನಾಹುತವಾಯಿತು. ಬೆಳಿಗ್ಗೆ ಸೊಸೆ ನೀರು ಪರೀಕ್ಷಿಸಿದಾಗ ಕ್ಲೋರಿನ್ ವಿಪರೀತವಾಗಿತ್ತು. ಕ್ಲೋರಿನ್ ಬೆರೆಸುವ ಯಂತ್ರ ಕೆಟ್ಟು ರಾತ್ರಿಯೆಲ್ಲ ಒಂದೇ ಸಮನೆ ಸುರಿದಿತ್ತು. ಅವಳು ಗೇಟಿಗೆ ಬೀಗ ಹಾಕಿ ಕೊಳದ ಸೂಪರಿಂಟೆಂಡೆಂಟರಿಗೆ ಫೋನು ಮಾಡಿದಳು. ಇವತ್ತು ಯಾರನ್ನೂ ಇಳಿಸಬಾರದು ಎಂದಳು. ಹೊರಗೆ ಈಜು ಕ್ಲಬ್ಬಿನ ಅಧ್ಯಕ್ಷರ ಮೊಮ್ಮಕ್ಕಳು ಟೋಪಿ ಹಾಕಿಕೊಂಡು ಕಾಯುತ್ತಿದ್ದವು. ದೊಡ್ಡವರ ಮೊಮ್ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವುದುಂಟೆ? ಸೂಪರಿಂಟೆಂಡೆಂಟರು ಬಂದರು, ಬಿಸಿಲಿಗೆ ಎಲ್ಲ ಆರಿಹೋಗುತ್ತೆ ಎಂದರು, ತಮ್ಮ ಬಳಿಯಿದ್ದ ಕೀಲಿಯಿಂದ ಗೇಟು ತೆರೆದರು. ಅರ್ಧ ಗಂಟೆಯೊಳಗೆ ಮಕ್ಕಳು ಕಣ್ಣುಜ್ಜಿಕೊಂಡು ಚೀರತೊಡಗಿದವು. ಎಲ್ಲರನ್ನೂ ಕಣ್ಣಾಸ್ಪತ್ರೆಗೆ ಸಾಗಿಸಿದರು. ಒಂದು ಪುಟ್ಟ ಹುಡುಗಿ ವಾರವಿಡೀ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿತ್ತು. ದೇವರ ದಯೆ, ದೃಷ್ಟಿ ಉಳಿಯಿತು. ನೋಟೀಸು ನನ್ನ ಸೊಸೆಗೆ ಬಂತು. ಗೇಟು ತೆರೆದವಳು ಅವಳೇ ಎಂದು ಸೂಪರಿಂಟೆಂಡೆಂಟರು ವರದಿ ಕಳಿಸಿದ್ದರು. ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟೀಸಿನಲ್ಲಿ ಕೇಳಿದ್ದರು. ಮಕ್ಕಳ ಕಣ್ಣು ಸುಟ್ಟವಳು ಎಂಬ ಹಣೆಪಟ್ಟಿ ಒಮ್ಮೆ ಅಂಟಿದರೆ ಅವಳಿಗೆ ಇನ್ನೆಲ್ಲಿ ಕೆಲಸ?

ಒಕ್ಕಣೆ ಮನೆಗೇ ಬಂದ. ಪಾಪ, ಒಳ್ಳೆಯ ಮನುಷ್ಯನೇ, ಅದೇ ತೊಂದರೆ. ಅಚ್ಚುಕಟ್ಟಾಗಿ ಬರೆದ ಉತ್ತರವನ್ನು ಜೇಬಿನಿಂದ ತೆಗೆದ. ಮೊದಲ ಸಾಲು ಏನೆಂದು ನಾನು ಹೇಳಬೇಕಾಗಿಲ್ಲ. ಒಂದು ಕ್ಷಮೆ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ ಎಂದ. ನನ್ನ ಮಗನೂ ತಲೆಯಾಡಿಸಿದ. ಸೊಸೆ ಆ ಹಾಳೆಯನ್ನು ಪೂರ್ತಿ ಓದಿ, ಮಡಿಸಿ, ಅವನ ಕೈಗೇ ಕೊಟ್ಟಳು.

"ಇದ್ರಲ್ಲಿ ಆ ದಿನ ಏನಾಯ್ತು ಅನ್ನೋದೇ ಇಲ್ಲ ಸಾರ್. ನಾನೇ ಬರೀತೀನಿ," ಎಂದಳು.

ಬರೆದಳು. ನಾನು ಕೈ ಹಾಕಲಿಲ್ಲ, ಬಾಯಿಯನ್ನೂ ಹಾಕಲಿಲ್ಲ. ಹಾಗೆ ಸುಮ್ಮನಿರಲು ನಾನು ಪಟ್ಟ ಪಾಡು ನನಗೇ ಗೊತ್ತು. ಯಂತ್ರ ಕೆಟ್ಟದ್ದು, ಬೀಗ ಹಾಕಿದ್ದು, ಫೋನು ಮಾಡಿದ್ದು ಎಲ್ಲವೂ ಸರಸರ ಬಂತು. ಗೇಟಿನ ಹತ್ತಿರ ಬಂದಾಗ ಪೆನ್ನು ನಿಂತಿತು. ಆ ಮನುಷ್ಯನ ಕೈಕೆಳಗೆ ನಾಳೆಯೂ ಕೆಲಸ ಮಾಡಬೇಕಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳು ಮತ್ತೆ ಬಗ್ಗಿ, ಗೇಟು ತೆರೆದವರು ಯಾರು, ಯಾವ ಕೀಲಿಯಿಂದ, ಏನೆಂದು ಹೇಳಿ ತೆರೆದರು ಎಂಬುದನ್ನು ಬರೆದು ಸಹಿ ಹಾಕಿದಳು.

ವಿಚಾರಣೆಗೆ ಮುಖ್ಯ ಕಚೇರಿಯಿಂದ ನೆಗಡಿ ಹಿಡಿದ ಅಧಿಕಾರಿಯೊಬ್ಬರು ಬಂದರು. ಅದಕ್ಕೆ ನನ್ನನ್ನೂ ಕರೆಸಿದ್ದರು. ಏಕೆಂದರೆ ಸೂಪರಿಂಟೆಂಡೆಂಟರು ಹೊಸ ರಾಗ ತೆಗೆದಿದ್ದರು. ಈ ಉತ್ತರ ಇವಳದಲ್ಲ, ಅತ್ತೆ ಹಳೆಯ ಟೈಪಿಸ್ಟು, ಮನೆಯಲ್ಲಿ ಕೂತು ಕಥೆ ಕಟ್ಟಿದ್ದಾಳೆ, ಆದ್ದರಿಂದ ಇದರಲ್ಲಿ ಇರುವುದೆಲ್ಲ ಸುಳ್ಳು. ಬಟ್ಟೆ ಬದಲಿಸುವ ಕೋಣೆಗಳ ಮೇಲಿನ ರೂಮಿನಲ್ಲಿ ವಿಚಾರಣೆ, ಕಿಟಕಿ ಮುಚ್ಚಿದರೂ ಕ್ಲೋರಿನ್ ವಾಸನೆ. ಸೂಪರಿಂಟೆಂಡೆಂಟರು ಅಧಿಕಾರಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಹೆಣ್ಣು ಕೊಟ್ಟ ಮಾವನಂತೆ ಉಪಚಾರ ಮಾಡುತ್ತಿದ್ದರು. ಪಂಪು ಸುಟ್ಟಾಗಿನ ಹಳೆಯ ಉತ್ತರವನ್ನು ತೆಗೆದು, ನೋಡಿ ಸಾರ್, ಇದು ಇವರ ನಿಜವಾದ ಬರವಣಿಗೆ, ಎಷ್ಟು ವಿನಯ, ಎಂದರು. ಅದನ್ನು ಬರೆದ ಒಕ್ಕಣೆ ಮೂಲೆಯಲ್ಲಿ ಕೂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಇದನ್ನ ನೀವು ಬರೆದದ್ದಾ ಅಮ್ಮ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ನಾನು ಬರೆದಿದ್ರೆ ಇವರ ಬಗ್ಗೆ ಇನ್ನೂ ನಾಲ್ಕು ಮಾತು ಇರ್ತಿತ್ತು," ಎಂದೆ.

ನನ್ನನ್ನು ದೂರದ ಗೋಡೆಯ ಬಳಿ ಕೂರಿಸಿದರು, ಸನ್ನೆ ಮಾಡಿಬಿಡುತ್ತೇನೆಂದು. ಸೊಸೆಯ ಮುಂದೆ ಒಂದು ಖಾಲಿ ಹಾಳೆ ಇಟ್ಟರು. ಇಲ್ಲೇ, ನಮ್ಮೆದುರಿಗೇ ಬರೆಯಲಿ ಎಂದು ಸೂಪರಿಂಟೆಂಡೆಂಟರೇ ಸೂಚಿಸಿದ್ದು. ಏನು ಬರೆಯಲಿ ಎಂದು ಅವಳು ಕೇಳಿದಳು. ಏನಾದರೂ ಸರಿ, ಈ ರೂಮಿನಲ್ಲಿ ಕಾಣುತ್ತಿರುವುದನ್ನೇ ಬರೆಯಿರಿ ಎಂದು ಅಧಿಕಾರಿ ಮೂಗೊರೆಸಿಕೊಂಡರು.

ಮನೆಯ ಮೇಜು ಬೇರೆ, ಕುತ್ತಿಗೆಗೆ ಕತ್ತಿ ಹಿಡಿದವರ ಮೇಜು ಬೇರೆ. ಈಗ ಅವಳು ಪೆನ್ನು ಕಚ್ಚುತ್ತಾಳೆ, ಫ್ಯಾನು ನೋಡುತ್ತಾಳೆ, ಎಲ್ಲ ಮುಗಿಯಿತು ಎಂದು ಹೆದರಿದೆ. ಅವಳು ಒಮ್ಮೆ ಸುತ್ತ ನೋಡಿದಳು, ಬಗ್ಗಿದಳು, ಅರ್ಧ ಪುಟ ತುಂಬುವವರೆಗೆ ತಲೆ ಎತ್ತಲಿಲ್ಲ.

ಜೋರಾಗಿ ಓದಿ ಸಾರ್, ಎಲ್ಲರಿಗೂ ಗೊತ್ತಾಗಲಿ ಎಂದರು ಸೂಪರಿಂಟೆಂಡೆಂಟರು. ಬುದ್ಧಿವಂತರು. ಅಧಿಕಾರಿ ಓದಿದರು:

"ಮೇಜಿನ ಆಚೆ ಎರಡು ಕುರ್ಚಿಗಳಿವೆ. ಒಂದರಲ್ಲಿ ವಿಚಾರಣೆ ಮಾಡುವವರು ಕೂತಿದ್ದಾರೆ. ಇನ್ನೊಂದರಲ್ಲಿ, ನನ್ನ ಮೇಲೆ ವರದಿ ಕೊಟ್ಟವರು ಕೂತಿದ್ದಾರೆ. ಅವರು ವಿಚಾರಣೆ ಮಾಡುವವರಿಗೆ ಚಹಾ ತರಿಸಿದರು, ಕಿಟಕಿ ಮುಚ್ಚಿಸಿದರು. ನನ್ನನ್ನು ಪ್ರಶ್ನೆ ಕೇಳಿದಾಗ ಅವರೇ ಉತ್ತರ ಹೇಳಿದರು. ಈ ಉತ್ತರ ಯಾರು ಬರೆದದ್ದು ಎಂದು ನನ್ನನ್ನು ಕೇಳಿದರು, ನಮ್ಮ ಅತ್ತೆಯನ್ನು ಕೇಳಿದರು. ಗೇಟು ತೆರೆದದ್ದು ಯಾರು ಎಂದು ಬೆಳಗಿನಿಂದ ಯಾರನ್ನೂ ಕೇಳಿಲ್ಲ."

ಕೊನೆಯ ಸಾಲು ಓದುವಾಗ ಅಧಿಕಾರಿಯ ದನಿ ಇಳಿಯಿತು. ಕೆಳಗೆ ಕೊಳದಲ್ಲಿ ಯಾರೋ ಧುಮುಕಿದ ಸದ್ದು ಕೇಳಿಸಿತು. ಅವರು ತಮ್ಮ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿ, ಸೂಪರಿಂಟೆಂಡೆಂಟರಿಗೆ ಮೇಜಿನ ಈಚೆ ಬಂದು ಕೂರಲು ಹೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನೀವು ಹೋಗಿ ನಿಮ್ಮ ಕೆಲಸ ನೋಡಿಕೊಳ್ಳಿ ಅಮ್ಮ. ಇನ್ನು ನಿಮ್ಮನ್ನ ಕೇಳೋದು ಏನೂ ಇಲ್ಲ."

ಅವಳು ಎದ್ದ ಕುರ್ಚಿಯಲ್ಲಿ ಸೂಪರಿಂಟೆಂಡೆಂಟರು ಕೂತರು. ಅಧಿಕಾರಿ ಇನ್ನೊಂದು ಖಾಲಿ ಹಾಳೆ ತೆಗೆದು ಅವರ ಮುಂದೆ ಜರುಗಿಸಿ, ಆ ದಿನ ಬೆಳಿಗ್ಗೆ ನಡೆದದ್ದನ್ನು ನೀವೂ ಬರೆಯಿರಿ ಎಂದರು. ಸೂಪರಿಂಟೆಂಡೆಂಟರು ಮೂಲೆಯಲ್ಲಿದ್ದ ಒಕ್ಕಣೆಯ ಮುಖ ನೋಡಿದರು. ನೀವೇ ಬರೆಯಬೇಕು, ಇಲ್ಲೇ, ಎಂದು ಅಧಿಕಾರಿ ಸೇರಿಸಿದರು. ಸೂಪರಿಂಟೆಂಡೆಂಟರು ಕನ್ನಡಕ ಹಾಕಿಕೊಂಡರು, ಹಾಳೆಯ ಮೇಲ್ತುದಿಯಲ್ಲಿ ಅಂದವಾಗಿ ತಾರೀಕು ಬರೆದರು, ಅದರ ಕೆಳಗೊಂದು ಗೆರೆ ಎಳೆದರು. ನಾನು ಮೆಟ್ಟಿಲಿಳಿದು ಗೇಟು ದಾಟುವ ಹೊತ್ತಿಗೂ ಮೇಲಿನ ಕಿಟಕಿಯ ಗಾಜಿನಾಚೆ ಅವರ ತಲೆ ಬಗ್ಗಿಯೇ ಇತ್ತು, ಪೆನ್ನು ಹಿಡಿದ ತೋಳು ಮಾತ್ರ ಅಲ್ಲಾಡುತ್ತಿರಲಿಲ್ಲ.